ಮೇಘನಾಗೆ, ಇಸ್ತಾಂಬುಲ್‌ನ ಊಟದ ಹೊತ್ತಿನ ಬಗ್ಗೆ

ರಾಜಾಜಿನಗರ, ಬೆಂಗಳೂರು
ಭಾನುವಾರ

ಚಿ. ಸೌ. ಮೇಘನಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ತೆರೆದು ನೋಡಿದೆ. ದಸರಾ ರಜಕ್ಕೆ ಇಸ್ತಾಂಬುಲ್, ಆರು ದಿನ, ಇಪ್ಪತ್ತೆರಡು ಹೋಟೆಲು. ಒಂದೊಂದರ ಮುಂದೂ ನಕ್ಷತ್ರ, ಎಷ್ಟು ಜನ ಹೊಗಳಿದ್ದಾರೆ ಅನ್ನುವ ಲೆಕ್ಕ, ಹಸಿರು ಹಳದಿ ಬಣ್ಣ ಬೇರೆ. ಮದುವೆಗೆ ಛತ್ರ ನೋಡುವಾಗಲೂ ನೀನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. 'ಮಾವ, ನೀವು ಐದು ಸಲ ಹೋಗಿದ್ದೀರಲ್ಲ, ಯಾವುದು ಇಟ್ಟುಕೊಳ್ಳಲಿ, ಯಾವುದು ಹೊಡೆದುಹಾಕಲಿ ಹೇಳಿ' ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡನೇ ನಿಮಿಷಕ್ಕೇ 'ಸರಿ ಮಾವ, ಸರಿ ಮಾವ' ಶುರು ಮಾಡುತ್ತೀಯ. ಅದಕ್ಕೇ ಈ ಕಾಗದ.

ನಿನ್ನ ಪಟ್ಟಿಯಲ್ಲಿ ಎಲ್ಲ ಕಾಲಮ್ಮೂ ಇದೆ, ಹೊತ್ತಿನದೊಂದು ಬಿಟ್ಟು. ಪರಊರಿನವರು ಯಾರಾದರೂ ಶುಕ್ರವಾರ ಬೆಳಿಗ್ಗೆ ಗಾಂಧಿಬಜಾರಿಗೆ ಹೋಗಿ ವಿದ್ಯಾರ್ಥಿ ಭವನದ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರೆ ನಮಗೆ ಅಯ್ಯೋ ಅನಿಸುತ್ತೆ. ಮಧ್ಯಾಹ್ನದ ಊಟದ ಮೆಸ್ಸಿಗೆ ರಾತ್ರಿ ಒಂಬತ್ತಕ್ಕೆ ಹೋಗಿ ಊಟ ಇದೆಯಾ ಅಂದರೆ, ಇದ್ದರೂ ಏನು ಬಡಿಸುತ್ತಾರೆ ಅಂತ ನಮಗೆ ಗೊತ್ತು. ನಮ್ಮೂರಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ದೇಶಕ್ಕೆ ಹೋದ ಕೂಡಲೇ ನಾವೇ ಅದನ್ನು ಮರೆತು, ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಹನ್ನೊಂದರವರೆಗೆ ಎಲ್ಲವನ್ನೂ ಕೊಡುವ ಹೋಟೆಲು ಹುಡುಕುತ್ತೇವೆ. ಇಸ್ತಾಂಬುಲ್‌ನಲ್ಲಿ ಹಾಗೆ ದಿನವಿಡೀ ಎಲ್ಲವನ್ನೂ ಕೊಡುವ ಜಾಗಗಳು ಬಹುಪಾಲು ನಮ್ಮಂಥ ಹೊರಗಿನವರಿಗೋಸ್ಕರ ಇರುವಂಥವು.

ನನಗೆ ಇದು ತಿಳಿದದ್ದು ಒಂದು ಆಯಿಲ್ ಸೀಲ್‌ನಿಂದ. 2003ರಲ್ಲಿ ಪೀಣ್ಯದ ನಮ್ಮ ಕಂಪನಿಯ ಹೈಡ್ರಾಲಿಕ್ ಪ್ರೆಸ್ಸೊಂದನ್ನು ಅಲ್ಲಿನ ಇಕಿತೆಲ್ಲಿ ಕೈಗಾರಿಕಾ ಪ್ರದೇಶದಲ್ಲಿ ಕೂರಿಸುವುದಕ್ಕೆ ಹೋಗಿದ್ದೆ. ಮೂರನೇ ದಿನ ಸಿಲಿಂಡರಿನ ಸೀಲು ಹರಿದು ನೆಲವೆಲ್ಲ ಎಣ್ಣೆ. ಬಿಡಿ ಸೀಲು ತಂದಿರಲಿಲ್ಲ, ತಪ್ಪು ನನ್ನದೇ. ಫೋರ್‌ಮನ್ ಒಬ್ಬ ಹುಡುಗನನ್ನು ಜೊತೆಮಾಡಿ ಕರಾಕೊಯ್‌ಗೆ ಕಳಿಸಿದ. ಗಲಾತಾ ಸೇತುವೆಯ ಉತ್ತರದ ತುದಿಯಲ್ಲಿ ಪೆರ್ಶೆಂಬೆ ಪಜಾರಿ, ಅಂದರೆ ಗುರುವಾರದ ಸಂತೆ ಅಂತ ಒಂದು ಕೇರಿ. ಹೆಸರಷ್ಟೇ ಸಂತೆ, ಇರುವುದೆಲ್ಲ ನಟ್ಟು, ಬೋಲ್ಟು, ಸರಪಳಿ, ಪಂಪು, ಹಡಗಿನ ಸಾಮಾನು. ನಮ್ಮ ಎಸ್.ಪಿ. ರಸ್ತೆಯನ್ನು ಸಮುದ್ರದ ಪಕ್ಕ ಇಟ್ಟ ಹಾಗೆ. (ಈಗ ಅಲ್ಲೂ ಕಾಫಿ ಅಂಗಡಿಗಳು ನುಗ್ಗಿವೆಯಂತೆ.) ಅಂಗಡಿಯ ಯಜಮಾನ ವರ್ನಿಯರ್ ಹಿಡಿದು ಹಳೇ ಸೀಲನ್ನು ಮೂರು ಸಲ ಅಳೆದ, ನಾಲ್ಕು ಡಬ್ಬ ಕೆಳಗಿಳಿಸಿದ, ಐದನೆಯದಕ್ಕೆ ಕೈ ಹಾಕುವಾಗ ಗೋಡೆ ಗಡಿಯಾರ ನೋಡಿದ. ಹನ್ನೆರಡೂ ಕಾಲು. ಡಬ್ಬ ಇದ್ದಲ್ಲೇ ಬಿಟ್ಟು, ಷಟರ್ ಅರ್ಧ ಎಳೆದು, ಬಾಯಿಗೆ ತುತ್ತಿಡುವ ಸನ್ನೆ ಮಾಡಿ ನನ್ನ ತೋಳು ಹಿಡಿದು ಹೊರಟೇಬಿಟ್ಟ.

ಓಣಿಯೊಳಗೆ ಓಣಿ, ನಾಲ್ಕು ಮೆಟ್ಟಿಲು, ಆರೇಳು ಮೇಜಿನ ಒಂದು ಕೋಣೆ. ಬೋರ್ಡು ಇತ್ತೋ ಇಲ್ಲವೋ ನೆನಪಿಲ್ಲ. ಗಾಜಿನ ಹಿಂದೆ ಹಬೆಯಾಡುವ ಹತ್ತು ಹನ್ನೆರಡು ಟ್ರೇ, ಸೌಟು ಹಿಡಿದ ಒಬ್ಬ ದಪ್ಪ ಮನುಷ್ಯ. ನಮ್ಮ ಮೇಜಿನಲ್ಲೇ ಒಬ್ಬ ಹಮಾಲಿ ಕೂತಿದ್ದ (ಅವರ ಭಾಷೆಯಲ್ಲೂ ಹಮಾಲನೇ), ಅವನೆದುರಿಗೆ ಟೈ ಕಟ್ಟಿದ ಬ್ಯಾಂಕಿನವನು. ಮಾತಿಲ್ಲ ಕತೆಯಿಲ್ಲ, ಇಪ್ಪತ್ತು ನಿಮಿಷದಲ್ಲಿ ಉಂಡು ಎದ್ದರು. ನಾನು ಮಾಂಸ ತಿನ್ನುವುದಿಲ್ಲ ಅಂತ ಯಜಮಾನ ಹೇಗೋ ಅಡುಗೆಯವನಿಗೆ ತಿಳಿಸಿದ. ಅವನು ಒಂದೊಂದೇ ಟ್ರೇಗೆ ಸೌಟು ತೋರಿಸಿ 'ಎತ್‌ಲಿ', 'ಎತ್‌ಸಿಝ್' ಅಂತ ಹೇಳುತ್ತಾ ಹೋದ. ಎತ್ ಅಂದರೆ ಮಾಂಸ. ಲಿ ಬಂದರೆ ಉಂಟು, ಸಿಝ್ ಬಂದರೆ ಇಲ್ಲ. ಆ ದಿನ ನನ್ನ ಪಾಲಿಗೆ ಬಂದದ್ದು ಲೀಕ್ ಅನ್ನುವ ಉದ್ದನೆಯ ಈರುಳ್ಳಿ ಜಾತಿಯ ಸೊಪ್ಪು, ಕ್ಯಾರೆಟ್ಟು, ನಾಲ್ಕು ಕಾಳು ಅಕ್ಕಿ, ಆಲಿವ್ ಎಣ್ಣೆ, ಮೇಲೆ ನಿಂಬೆಹಣ್ಣು. ಬಾಯಿಗಿಟ್ಟರೆ ತಣ್ಣಗಿತ್ತು. ಬಿಸಿ ಮಾಡಿಕೊಡಿ ಅಂತ ಸನ್ನೆ ಮಾಡಿದೆ. ಮೊಸರನ್ನ ಬಿಸಿ ಮಾಡಿಕೊಡಿ ಅಂದವನನ್ನು ನೋಡುವ ಹಾಗೆ ಆ ಮನುಷ್ಯ ನನ್ನನ್ನು ನೋಡಿದ.

ಆ ಕೋಣೆಯ ಜಾತಿಗೆ ಎಸ್ನಾಫ್ ಲೊಕಾಂತಾಸಿ ಅಂತ ಹೆಸರು. ಎಸ್ನಾಫ್ ಅಂದರೆ ಅಂಗಡಿಯವರು, ಕಸುಬಿನವರು. ಅವರು ದಿನಾ ಉಣ್ಣುವ ಜಾಗ. ಅಲ್ಲಿ ಸಿಗುವ ಅಡುಗೆಗೆ 'ಸುಲು ಯೆಮೆಕ್' ಅನ್ನುತ್ತಾರೆ, ನೀರಿರುವ ಊಟ ಅಂತ ಅರ್ಥ. ನಮ್ಮ ಸಾರು, ಹುಳಿ, ಕೂಟು ಇದ್ದ ಹಾಗೆ. ಬೆಳಗಿನ ಜಾವ ಒಲೆ ಹಚ್ಚುತ್ತಾರೆ, ಹನ್ನೊಂದೂವರೆಗೆ ಟ್ರೇಗಳು ಗಾಜಿನ ಹಿಂದೆ ಬರುತ್ತವೆ, ಹನ್ನೆರಡರಿಂದ ಒಂದೂವರೆ ಜಾತ್ರೆ, ಮೂರಕ್ಕೆ ಹೋದರೆ ತಳ ಕೆರೆಯುತ್ತಿರುತ್ತಾರೆ. ಎಷ್ಟೋ ಕಡೆ ಸಂಜೆ ಬಾಗಿಲಿಲ್ಲ, ಭಾನುವಾರವಂತೂ ಸಂತೆಯೇ ಮುಚ್ಚಿರುತ್ತೆ. ಗ್ರ್ಯಾಂಡ್ ಬಜಾರಿಗೂ ಭಾನುವಾರ ರಜ, ಅದರ ಸುತ್ತಲಿನ ಲೊಕಾಂತಗಳಿಗೂ ರಜ. ನೀನು ಭಾನುವಾರ ಮಧ್ಯಾಹ್ನಕ್ಕೇ ಬಜಾರು ಹಾಕಿಕೊಂಡಿದ್ದೀಯ. ಮೊದಲು ಅದನ್ನು ತಿದ್ದಿಕೋ.

ಒಳಗೆ ಹೋದಮೇಲೆ ಮೆನು ಕೇಳಬೇಡ. ಗಾಜಿನ ಮುಂದೆ ನಿಂತು ಬೆರಳು ತೋರಿಸು. ಅಲ್ಲಿ ಅದು ಅಸಭ್ಯತೆ ಅಲ್ಲ, ಅದೇ ಪದ್ಧತಿ. 'ಆಝ್' ಅಂದರೆ ಅರ್ಧ ಪ್ರಮಾಣ ಹಾಕುತ್ತಾರೆ. ಈ ಎರಡಕ್ಷರ ನಿನಗೆ ಇಪ್ಪತ್ತೆರಡು ಹೋಟೆಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತೆ. ಆಝ್ ಹುರುಳಿಕಾಯಿ, ಆಝ್ ಪಿಲಾವ್, ಆಝ್ ಬದನೆಕಾಯಿ ಅಂತ ಮೂರು ನಾಲ್ಕು ರುಚಿ ನೋಡಬಹುದು. ಬ್ರೆಡ್ಡು ಸಾಮಾನ್ಯವಾಗಿ ತಾನಾಗಿಯೇ ಮೇಜಿಗೆ ಬರುತ್ತೆ. ಅಡುಗೆಯವನನ್ನು 'ಉಸ್ತಾ' ಅಂತ ಕರಿ, ನಮ್ಮ ಉಸ್ತಾದನೇ. ಏಳುವಾಗ 'ಎಲಿನಿಝೆ ಸಾಲಿಕ್' ಅನ್ನು. ನಿಮ್ಮ ಕೈ ಚೆನ್ನಾಗಿರಲಿ ಅಂತ. ಬಿಲ್ಲಿಗೆ 'ಹೆಸಾಪ್' ಅಂದರೆ ಸಾಕು. ಹುಬ್ಬಳ್ಳಿ ಕಡೆಯ ನಿಮ್ಮತ್ತೆ ಇವತ್ತಿಗೂ ಹಿಸಾಬು ಅಂತಲೇ ಅಂತಾಳೆ, ಅವಳನ್ನು ಕರೆದುಕೊಂಡು ಹೋಗಿದ್ದರೆ ನನಗಿಂತ ಬೇಗ ಪಳಗುತ್ತಿದ್ದಳು.

ಹುಡುಕುವುದು ಹೇಗೆ ಅಂತ ನಿನ್ನ ಮುಂದಿನ ಪ್ರಶ್ನೆ. ಮ್ಯಾಪಿನಲ್ಲಿ ಇಂಗ್ಲಿಷಿನಲ್ಲಿ 'ಬೆಸ್ಟ್ ರೆಸ್ಟೋರೆಂಟ್' ಅಂತ ಹೊಡೆದರೆ ಇಂಗ್ಲಿಷಿನವರು ಹೋಗುವ ಜಾಗ ಬರುತ್ತೆ. ಅವರ ಭಾಷೆಯಲ್ಲೇ ಎಸ್ನಾಫ್ ಲೊಕಾಂತಾಸಿ ಅಂತ ಹೊಡಿ, ಅಥವಾ 'ಎವ್ ಯೆಮೆಕ್ಲೆರಿ', ಮನೆ ಅಡುಗೆ ಅಂತ ಹೊಡಿ. ಬಂದದ್ದರಲ್ಲಿ ನಕ್ಷತ್ರ ಆಮೇಲೆ ನೋಡು, ಮೊದಲು ಬಾಗಿಲು ತೆಗೆದು ಹಾಕುವ ಸಮಯ ನೋಡು. ಸಂಜೆ ಐದಕ್ಕೆ ಮುಚ್ಚುತ್ತೆ, ಭಾನುವಾರ ರಜ ಅಂತ ಇದ್ದರೆ ನನಗೆ ಅರ್ಧ ನಂಬಿಕೆ ಬಂದಂತೆ. ಅನಿಸಿಕೆಗಳು ಟರ್ಕಿ ಭಾಷೆಯಲ್ಲಿ ಇವೆಯಾ, ಸೊಟ್ಟಪಟ್ಟ ಫೋಟೋಗಳಲ್ಲಿ ಗಾಜಿನ ಹಿಂದಿನ ಟ್ರೇ ಕಾಣುತ್ತಾ ನೋಡು. ನಿನ್ನ ಪಟ್ಟಿಯ ಏಳನೆಯದು, ನಾಲ್ಕು ಪಾಯಿಂಟ್ ಒಂಬತ್ತು ನಕ್ಷತ್ರದ್ದು, ತೆರೆದು ನೋಡಿದೆ. ಹತ್ತರಲ್ಲಿ ಎಂಟು ಜನ ಸರ್ವರ್‌ಗಳ ಹೆಸರು ಹಿಡಿದು ಹೊಗಳಿದ್ದಾರೆ. ಬದನೆಕಾಯಿ ಹೇಗಿತ್ತು ಅಂತ ಒಬ್ಬರೂ ಬರೆದಿಲ್ಲ. ಮೇಜಿನ ಪಕ್ಕ ನಿಂತು ಬರೆಸಿಕೊಂಡ ಹೊಗಳಿಕೆ ಅದು. ಹೊಡೆದುಹಾಕು.

ಫೋನು ಕೈಕೊಟ್ಟರೆ ಜನರನ್ನು ಕೇಳು, ಆದರೆ 'ಇಲ್ಲಿ ಒಳ್ಳೇ ಹೋಟೆಲ್ ಯಾವುದು' ಅಂತ ಕೇಳಬೇಡ. ಹಾಗೆ ಕೇಳಿದರೆ ಯಾವ ಊರಿನವರೂ ಅತಿಥಿಗೆ ತಕ್ಕದ್ದು ಅಂತ ತಾವು ಅಂದುಕೊಂಡದ್ದನ್ನು ಹೇಳುತ್ತಾರೆ. ಕೀಲಿ ಮಾಡುವವನನ್ನೋ, ಗುಂಡಿ ದಾರ ಮಾರುವವನನ್ನೋ 'ನೀವು ನಿನ್ನೆ ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ' ಅಂತ ಕೇಳು. ಗುಂಡಿ ದಾರಕ್ಕೆ ಬಜಾರಿನಿಂದ ಇಳಿಯುವ ಮಹ್ಮುತ್‌ಪಾಶಾ ಬೀದಿ ಇದೆ, ನಮ್ಮ ಚಿಕ್ಕಪೇಟೆಯ ತಂಗಿ. ಹನ್ನೆರಡು ಗಂಟೆಗೆ ಅಲ್ಲಿ ನಿಂತು ಅಂಗಡಿಯ ಹುಡುಗರು ಎತ್ತ ಹೋಗುತ್ತಾರೆ ಅಂತ ನೋಡಿದರೂ ಆಯಿತು.

ಈಗ ನಮ್ಮ ಕಷ್ಟಕ್ಕೆ ಬರೋಣ. ಅಲ್ಲಿ 'ಮಾಂಸ ಬೇಡ' ಅಂದರೆ ಕೋಳಿ ತಂದಿಡುತ್ತಾರೆ. ಮೋಸ ಅಲ್ಲ, ಅವರ ಮಾತಿನಲ್ಲಿ ಎತ್ ಅಂದರೆ ಕುರಿ, ದನದ್ದು. ಕೋಳಿ ತಾವುಕ್, ಮೀನು ಬಾಲಿಕ್, ಅವು ಬೇರೆ ಲೆಕ್ಕ. ಆದ್ದರಿಂದ ಮೂರನ್ನೂ ಹೇಳು: ಎತ್, ತಾವುಕ್, ಬಾಲಿಕ್ ಯೆಮಿಯೊರುಮ್, ಇವು ಮೂರೂ ತಿನ್ನುವುದಿಲ್ಲ. ಆಮೇಲೆ 'ಎತ್ ಸುಯು' ಇದೆಯಾ ಅಂತಲೂ ಕೇಳು, ಅದು ಮೂಳೆ ಮಾಂಸ ಬೇಯಿಸಿದ ನೀರು. ಮಸೂರು ಬೇಳೆಯ ಸೂಪು ನೋಡಿದರೆ ನಮ್ಮ ತೊವ್ವೆಯೇ, ಪಿಲಾವ್ ನೋಡಿದರೆ ತುಪ್ಪದನ್ನವೇ. ಎರಡನ್ನೂ ಕೆಲವರು ಆ ನೀರಿನಲ್ಲಿ ಮಾಡುತ್ತಾರೆ. ಬಿಳಿ ಬೀನ್ಸ್ ಕಾಳಿನ ಸಾರಿಗೂ ಇದೇ ಮಾತು.

ಕಣ್ಣು ಮುಚ್ಚಿ ತಿನ್ನಬಹುದಾದ್ದು ಝೇತಿನ್‌ಯಾಲಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣಿಸಿದ ತರಕಾರಿಯ ಸಾಲಿಗೆಲ್ಲ ಅದೇ ಹೆಸರು. ನಾನು ಉಂಡ ಲೀಕ್ ಆ ಮನೆತನದ್ದು. ಹಸಿರು ಹುರುಳಿಕಾಯಿ, ಆರ್ಟಿಚೋಕ್, ಈರುಳ್ಳಿ ಟೊಮೆಟೊ ತುಂಬಿದ ಬದನೆಕಾಯಿ ಕೂಡ. ಈ ಬದನೆಕಾಯಿಗೆ 'ಇಮಾಮ್ ಬಾಯಿಲ್ದಿ', ಇಮಾಮ ಮೂರ್ಛೆ ಹೋದ ಅಂತ ಹೆಸರು. ರುಚಿಗೆ ಮೂರ್ಛೆ ಹೋದನೋ, ಸುರಿದ ಎಣ್ಣೆಯ ಖರ್ಚು ಕೇಳಿ ಹೋದನೋ ಅಂತ ಅವರವರಲ್ಲೇ ಜಗಳ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ್ದಕ್ಕೆ 'ಯಾಲಾಂಜಿ', ಸುಳ್ಳುಗಾರ ಅಂತಾರೆ, ಒಳಗೆ ಮಾಂಸ ಇಲ್ಲದ ಕಾರಣಕ್ಕೆ. ಮಾಂಸವಿಲ್ಲದ್ದು ಸುಳ್ಳು ಅನ್ನುವ ಊರು ಅದು, ತಿಳಿದಿರಲಿ. 'ಚೀ ಕೊಫ್ತೆ' ಅಂದರೆ ಹಸಿ ಮಾಂಸದುಂಡೆ. ಆದರೆ ಬೀದಿ ಅಂಗಡಿಗಳಲ್ಲಿ ಈಗ ಮಾರುವುದು ಬರೀ ಗೋಧಿನುಚ್ಚು, ಮೆಣಸಿನಕಾಯಿ. ಒಳ್ಳೇ ಖಾರ ಇರುತ್ತೆ, ಲೆಟ್ಯೂಸ್ ಎಲೆಯಲ್ಲಿ ಸುತ್ತಿಕೊಂಡು ತಿನ್ನು.

ಹೆಸರು ನೋಡಿ ಹೆದರಬೇಕಾದ್ದು ಹಾಗಿರಲಿ, ಹೆಸರು ಕೇಳದೆ ತಿಂದು ನಾನು ಕೆಟ್ಟ ಕತೆ ಹೇಳುತ್ತೇನೆ. ನಿಮ್ಮತ್ತೆಗೆ ಇವತ್ತಿಗೂ ಹೇಳಿಲ್ಲ. ಇಳಿದುಕೊಂಡಿದ್ದ ರೂಮಿನ ಕೆಳಗೆ ಒಂದು ಹಾಲಿನ ಸಿಹಿಯ ಅಂಗಡಿ. ರಾತ್ರಿ ಊಟಕ್ಕೆ ಏನೂ ಸರಿಹೋಗದೆ ದಿನಾ ಅಲ್ಲಿ ಒಂದು ಬಿಳೀ ಗಟ್ಟಿ ಪಾಯಸ ತಿನ್ನುತ್ತಿದ್ದೆ. ಹಾಲು, ಸಕ್ಕರೆ, ಅಕ್ಕಿಹಿಟ್ಟು, ಮೇಲೆ ದಾಲ್ಚಿನ್ನಿ ಪುಡಿ. ಚಮಚದಲ್ಲಿ ಎತ್ತಿದರೆ ಸಣ್ಣ ಸಣ್ಣ ಎಳೆ. ಶ್ಯಾವಿಗೆ ಹಾಕಿ ಅರೆದಿದ್ದಾರೆ ಅಂದುಕೊಂಡಿದ್ದೆ. ನಾಲ್ಕನೇ ದಿನ ಫೋರ್‌ಮನ್ ಜೊತೆಗೆ ಬಂದ. ನನ್ನ ತಟ್ಟೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ಮೊಣಕೈ ರೆಕ್ಕೆಯ ಹಾಗೆ ಬಡಿದು 'ಕೊಕ್ಕೊಕ್ಕೊ' ಅಂದ. ಅದು ತಾವುಕ್ ಗೊಯ್ಸು, ಕೋಳಿಯ ಎದೆ. ಎದೆ ಮಾಂಸವನ್ನು ಬೇಯಿಸಿ ನಾರು ನಾರಾಗಿ ಬಿಡಿಸಿ ಹಾಲಿನಲ್ಲಿ ಕುದಿಸುತ್ತಾರೆ. ಒಟ್ಟೋಮನ್ ಕಾಲದಿಂದ ಬಂದ ಸಿಹಿ. ಕಡಾಯಿಯ ತಳ ಹಿಡಿಸಿ ಮಾಡುವ 'ಕಝಾನ್‌ದಿಬಿ' ಅಂತ ಇನ್ನೊಂದಿದೆ, ಹಳೇ ಪದ್ಧತಿಯವರು ಅದಕ್ಕೂ ಕೋಳಿ ಹಾಕುತ್ತಾರೆ. ನೀನು 'ಸುತ್ಲಾಚ್' ತೆಗೆದುಕೋ, ಮೇಲೆ ಕಂದು ಬಣ್ಣ ಬರುವವರೆಗೆ ಸುಟ್ಟ ಅಕ್ಕಿ ಪಾಯಸ.

ನಿನ್ನ ಗಂಡ ಅರುಣ್ ಅವರಿಗೆ ಈ ತಾಪತ್ರಯ ಇಲ್ಲ, ಆದರೆ ಹೊತ್ತಿನ ಕಟ್ಟು ಅವರಿಗೂ ಇದೆ ಅಂತ ಹೇಳು. ಡೋನರ್ ಕಂಬವನ್ನು, ಅಂದರೆ ಸರಳಿಗೆ ಪೇರಿಸಿ ತಿರುಗಿಸುತ್ತಾ ಸುಡುವ ಮಾಂಸವನ್ನು, ಮಧ್ಯಾಹ್ನವೇ ಹಿಡಿಯಬೇಕು. ಒಳ್ಳೆಯವರದು ಮೂರು ನಾಲ್ಕಕ್ಕೆ ಕರಗಿ ಮುಗಿದಿರುತ್ತೆ, ರಾತ್ರಿ ಹತ್ತಕ್ಕೂ ದಪ್ಪಗೆ ನಿಂತಿರುವ ಕಂಬ ಅಂದರೆ ಯಾರೂ ಮುಟ್ಟಿಲ್ಲ ಅಂತ. ಮಸಾಲೆ ಅನ್ನ ತುಂಬಿದ ಮರುವಾಯಿ ಥರದ ಚಿಪ್ಪು ಸಂಜೆಯ ಮೇಲೆ ಬೀದಿಯಲ್ಲಿ ಬರುತ್ತೆ. ಮಾರುವವನು ನಿಂಬೆ ಹಿಂಡಿ ಒಂದರ ಹಿಂದೊಂದು ಕೊಡುತ್ತಲೇ ಇರುತ್ತಾನೆ, ಸಾಕು ಅಂದಮೇಲೆ ಖಾಲಿ ಚಿಪ್ಪು ಎಣಿಸಿ ದುಡ್ಡು ಕೇಳುತ್ತಾನೆ. ಮಂಗಳೂರಿನವರಿಗೆ ಇದನ್ನು ನಾನೇನು ಹೇಳುವುದು, ತಟ್ಟೆ ಬೇಗ ಖಾಲಿಯಾಗುವವನ ಹತ್ತಿರವೇ ತಿನ್ನಲಿ. ಮೀನಿಗೆ ಅಕ್ಟೋಬರ್ ಒಳ್ಳೇ ಕಾಲ. ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ದೊಡ್ಡ ಬಲೆಯ ದೋಣಿಗಳಿಗೆ ನಿಷೇಧ ಇರುತ್ತೆ, ಸೆಪ್ಟೆಂಬರಿನಲ್ಲಿ ಬಿಟ್ಟಮೇಲೆ ಪಾಲಾಮುತ್, ಲುಫೆರ್ ಬರುತ್ತವೆ. ಮೀನಿನ ಬೆಲೆ ಎಷ್ಟೋ ಕಡೆ ತೂಕದ ಮೇಲೆ. ತೂಗಿಸಿ, ಬೆಲೆ ಕೇಳಿ, ಆಮೇಲೆ ಒಲೆಗೆ ಹಾಕಲು ಹೇಳಿ. ನಮ್ಮ ಫಿಟ್ಟರ್ ಒಬ್ಬ ಮೊದಲ ರಾತ್ರಿಯೇ ಸುಲ್ತಾನಹ್ಮೆತ್ ಚೌಕದ ಹತ್ತಿರ 'ಇಂಡಿಯಾ? ಶಾರುಕ್ ಖಾನ್!' ಅಂತ ಕೈ ಹಿಡಿದೆಳೆದವನ ಹಿಂದೆ ಹೋಗಿ ಒಂದು ಮೀನು ತಿಂದ. ಆಗಿನ್ನೂ ಹಳೇ ಲಿರಾ. 2005ರಲ್ಲಿ ಆರು ಸೊನ್ನೆ ತೆಗೆದುಹಾಕುವ ಮುಂಚೆ ಅಲ್ಲಿ ಸಾಧಾರಣ ಊಟಕ್ಕೇ ಮಿಲಿಯನ್ನುಗಳಲ್ಲಿ ಬಿಲ್ಲು. ಅವನಿಗೆ ಸೊನ್ನೆ ಎಣಿಸಲು ಬರಲಿಲ್ಲ, ಎಣಿಸಿದಮೇಲೆ ನಿದ್ದೆ ಬರಲಿಲ್ಲ. ಈಗ ಬಾಗಿಲಲ್ಲೇ ಬೆಲೆಪಟ್ಟಿ ಹಾಕಬೇಕು ಅಂತ ಅಲ್ಲಿ ನಿಯಮ ಇದೆ. ಪಟ್ಟಿ ಇಲ್ಲದ ಬಾಗಿಲು, ಕೈ ಹಿಡಿದೆಳೆಯುವ ಮನುಷ್ಯ, ಎರಡರಲ್ಲಿ ಒಂದು ಕಂಡರೂ ಮುಂದಕ್ಕೆ ನಡೆ. ಹಾಗೆಯೇ ತಕ್ಸಿಮ್ ಕಡೆ ಯಾರೋ ಗುರುತಿಲ್ಲದವರು ಸ್ನೇಹದಿಂದ 'ಬನ್ನಿ, ನನಗೆ ಗೊತ್ತಿರೋ ಬಾರ್ ಇದೆ' ಅಂದರೆ ಅರುಣ್ ಅವರಿಗೆ ಕಿವಿ ಕೇಳಿಸದಿರಲಿ.

ನಿನ್ನ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕಾದ್ದೂ ಇವೆ. ಚಿಯಾ ಸೊಫ್ರಾಸಿ ಇರಲಿ. ಕಾದಿಕೊಯ್ ಮಾರುಕಟ್ಟೆಯೊಳಗಿದೆ. ಮುಸಾ ದಾಗ್‌ದೆವಿರೆನ್ ಅನ್ನುವವರು ಅನಾತೋಲಿಯಾದ ಹಳ್ಳಿ ಹಳ್ಳಿಯ ಅಡುಗೆ ಹುಡುಕಿ ತಂದು ನಡೆಸುವ ಜಾಗ. ತರಕಾರಿ ಪದಾರ್ಥಗಳನ್ನು ನೀನೇ ತಟ್ಟೆಗೆ ಹಾಕಿಕೊಂಡರೆ ತೂಗಿ ಬೆಲೆ ಹಾಕುತ್ತಾರೆ, ನಿನ್ನಂಥವಳಿಗೆ ಹೇಳಿಮಾಡಿಸಿದ್ದು. ಎಮಿನೊನುವಿನಿಂದ ಹಡಗಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಹೊರಗಿನ ಬೆಂಚಿನಲ್ಲಿ ಕೂತು ಚಾ ಕುಡಿ, ಸಿಮಿತ್ ಅನ್ನುವ ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ಡು ಮುರಿದು ಕಡಲಹಕ್ಕಿಗೆ ಎಸೆ, ಆ ಪ್ರಯಾಣವೇ ಅರ್ಧ ಊಟ. ಉಸ್ಕುದಾರ್‌ನ ಕನಾತ್ ಲೊಕಾಂತಾಸಿ 1933ರದ್ದು, ನಾನು ಹೇಳಿದ ಗಾಜಿನ ಹಿಂದಿನ ಊಟದ ದೊಡ್ಡಮನೆ ರೂಪ. ಕೊಫ್ತೆಗೆ ಅರುಣ್ ಗುರುತು ಹಾಕಿರುವ ಸುಲ್ತಾನಹ್ಮೆತ್‌ನ ಅಂಗಡಿ 1920ರದ್ದು, ಸರಿಯಾದದ್ದೇ. ಆದರೆ ಅದೇ ಸಾಲಿನಲ್ಲಿ ಹೆಚ್ಚುಕಮ್ಮಿ ಅದೇ ಹೆಸರಿನವು ಬೇರೆ ಇವೆ, ಬೋರ್ಡಿನ ಇಸವಿ ಓದಿ ಒಳಗೆ ಹೋಗಲಿ. ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡು 2022ರಿಂದ ಆ ಊರಿಗೂ ಬಂದಿದೆ, ಅದರ ನಕ್ಷತ್ರ ಸಿಕ್ಕ ಹೋಟೆಲು ನೀನು ಎರಡು ಹಾಕಿಕೊಂಡಿದ್ದೀಯ. ಮದುವೆ ವಾರ್ಷಿಕೋತ್ಸವದ ರಾತ್ರಿಗೆ ಒಂದು ಇರಲಿ, ಬೇಡ ಅನ್ನುವಷ್ಟು ಜುಗ್ಗ ನಾನಲ್ಲ. ಇನ್ನೊಂದು ತೆಗೆ.

ಉಳಿದ ಹದಿನೇಳೋ ಹದಿನೆಂಟೋ ಸಾಲು ಅಳಿಸಿಬಿಡು. ಆ ಜಾಗದಲ್ಲಿ ಒಂದು ಮಧ್ಯಾಹ್ನ ಹನ್ನೆರಡಕ್ಕೆ ಸುಲೇಮಾನಿಯೆ ಮಸೀದಿಯ ಹತ್ತಿರ ಇರು. ವಾಸ್ತುಶಿಲ್ಪಿ ಸಿನಾನ್ 1557ರಲ್ಲಿ ಮುಗಿಸಿದ ಮಸೀದಿ. ಒಳಗೆ ಹೋಗಿ ಬಾ, ತಲೆಗೆ ಒಂದು ಶಾಲು ಇಟ್ಟುಕೊಂಡಿರು. ಎದುರಿಗೆ ಹಳೇ ಮದರಸಾದ ಕಮಾನುಗಳ ಕೆಳಗೆ ಸಾಲಾಗಿ ಬಿಳಿ ಬೀನ್ಸ್ ಕಾಳಿನ ಸಾರು ಮಾರುವ ಅಂಗಡಿಗಳು. ಒಂದು ಕಾಲಕ್ಕೆ ಅಲ್ಲಿ ಅಫೀಮು ಸೇವಿಸುವವರು ಕೂರುತ್ತಿದ್ದರಂತೆ, ಆ ಅಂಗಡಿ ಸಾಲನ್ನು ಜನ ಇನ್ನೂ ಚಟದವರ ಸಂತೆ ಅಂತಲೇ ಕರೆಯುತ್ತಾರೆ. ಮಾಂಸದ ನೀರಿನ ಪ್ರಶ್ನೆ ಕೇಳಿ, ಬೆಣ್ಣೆಯಲ್ಲಿ ಮಾಡಿದ್ದು ಸಿಕ್ಕರೆ ಪಿಲಾವ್, ಉಪ್ಪಿನಕಾಯಿ, ಅಯ್ರಾನ್ ಜೊತೆ ಉಣ್ಣು. ಅಯ್ರಾನ್ ನಮ್ಮ ಮಜ್ಜಿಗೆಯೇ, ಇಂಗು ಒಗ್ಗರಣೆ ಇಲ್ಲದ್ದು.

ಅಲ್ಲಿಂದ ಹತ್ತು ನಿಮಿಷ ಇಳಿದರೆ ವೆಫಾ. 1876ರಿಂದ ಬೊಝಾ ಮಾರುವ ಅಂಗಡಿ. ಸಿರಿಧಾನ್ಯ ಹುದುಗಿಸಿದ ಗಟ್ಟಿ ಪೇಯ, ಗಾಜಿನ ಲೋಟದಲ್ಲಿ ಕೊಟ್ಟು ಮೇಲೆ ದಾಲ್ಚಿನ್ನಿ ಉದುರಿಸುತ್ತಾರೆ. ಅದರ ಮೇಲೆ ಹಾಕಿಕೊಳ್ಳುವುದಕ್ಕೆ ಎದುರಂಗಡಿಯಿಂದ ಬೆಚ್ಚಗಿನ ಹುರಿಗಡಲೆ ಕಟ್ಟಿಸಿಕೊಂಡು ಬರಬೇಕು. ಮೊದಲ ಗುಟುಕಿಗೆ ನನಗೆ ನೆನಪಾದದ್ದು ನಿನ್ನ ಅಜ್ಜಿ ರಾತ್ರಿಯೇ ಕಲೆಸಿ ಮಡಕೆಯಲ್ಲಿಡುತ್ತಿದ್ದ ರಾಗಿ ಅಂಬಲಿ. ಬೊಝಾದಲ್ಲಿ ಸಕ್ಕರೆ ಇದೆ, ಅಂಬಲಿಯಲ್ಲಿ ಉಪ್ಪಿತ್ತು, ಆದರೂ ಹಿಂದೆ ಬರುವ ಹುಳಿ ಒಂದೇ ಅನಿಸಿತು. ನಿಮ್ಮಮ್ಮ ಒಪ್ಪುವುದಿಲ್ಲ, ಅಜ್ಜಿಯ ಅಂಬಲಿ ಅಷ್ಟು ಹುಳಿ ಇರಲೇ ಇಲ್ಲ ಅಂತ ಇಪ್ಪತ್ತು ವರ್ಷದಿಂದ ವಾದ ಮಾಡುತ್ತಿದ್ದಾಳೆ. ನೀನು ಚಿಕ್ಕವಳಿದ್ದಾಗ ಅದನ್ನು ಕುಡಿದಿದ್ದೀಯ. ಅಲ್ಲಿ ಒಂದು ಲೋಟ ಪೂರ್ತಿ ಕುಡಿದು, ರೂಮಿಗೆ ಹೋಗುವ ಮುಂಚೆಯೇ ನಿನಗೆ ಏನನಿಸಿತು ಅಂತ ನಿಮ್ಮಮ್ಮನಿಗಲ್ಲ, ಮೊದಲು ನನಗೆ ಫೋನ್ ಮಾಡು.

ಇತಿ ನಿನ್ನ ಸೋದರಮಾವ